ಸೆರೆಮನೆಯಿಂದ ಕಟಕಟೆಗೆ: ಗುತ್ತಿಗೆಯ ಬಂಡಿ ಮತ್ತು ತಡದ ಲೆಕ್ಕ

ಇಂಗ್ಲೆಂಡಿನ ಕ್ರೌನ್ ನ್ಯಾಯಾಲಯಗಳಲ್ಲಿ ಕಲಾಪ ಸಾಮಾನ್ಯವಾಗಿ ಬೆಳಿಗ್ಗೆ ಹತ್ತಕ್ಕೋ ಹತ್ತೂವರೆಗೋ ಆರಂಭವಾಗುತ್ತದೆ. ನ್ಯಾಯಾಧೀಶರು, ಹನ್ನೆರಡು ಮಂದಿ ಜ್ಯೂರಿ ಸದಸ್ಯರು, ಎರಡೂ ಪಕ್ಷದ ವಕೀಲರು, ಕೆಲಸಕ್ಕೆ ರಜೆ ಹಾಕಿ ಬಂದ ಸಾಕ್ಷಿಗಳು, ಇವರೆಲ್ಲ ನೆರೆದಿದ್ದರೂ ಒಬ್ಬನು ಬಾರದಿದ್ದರೆ ವಿಚಾರಣೆ ಮುಂದೆ ಸಾಗದು. ಆ ಒಬ್ಬನು ತಾನಾಗಿ ನಡೆದು ಬರುವಂತಿಲ್ಲ. ಅವನನ್ನು ಯಾರಾದರೂ ಕರೆತರಬೇಕು. ಕರೆತರುವ ಆ ಕೆಲಸ ಅಲ್ಲಿ 1993ರಿಂದ ಖಾಸಗಿ ಕಂಪನಿಗಳ ಪಾಲಾಗಿದೆ. ಬಂಡಿ ತಡವಾದರೆ ಉತ್ತರ ಹೇಳಬೇಕಾದವರು ಯಾರು, ಹೇಳಿಸುವವರು ಯಾರು ಎಂಬ ಪ್ರಶ್ನೆಗೆ ಮೂವತ್ತು ವರ್ಷಗಳಲ್ಲಿ ಆ ದೇಶ ಕಂಡುಕೊಂಡ ಉತ್ತರಗಳನ್ನು ಇಲ್ಲಿ ನೋಡಬೇಕೆಂದಿದ್ದೇವೆ. ಆದರೆ ಪ್ರಶ್ನೆ ಮೂವತ್ತು ವರ್ಷದ್ದಲ್ಲ. ಕೈದಿಗಳ ಸಾಗಣೆಯನ್ನು ಗುತ್ತಿಗೆಗೆ ಕೊಟ್ಟು ಕೈಸುಟ್ಟುಕೊಂಡ ಅನುಭವ ಆ ಸರ್ಕಾರಕ್ಕೆ ಹದಿನೆಂಟನೆಯ ಶತಮಾನದಲ್ಲಿಯೇ ಆಗಿತ್ತು. ಮೊದಲು ಅದನ್ನು ಹೇಳದೆ ಮುಂದಿನದು ಸ್ಪಷ್ಟವಾಗದು.

1790ರ ಜನವರಿಯಲ್ಲಿ ನೆಪ್ಚೂನ್, ಸರ್‌ಪ್ರೈಸ್, ಸ್ಕಾರ್‌ಬರೋ ಎಂಬ ಮೂರು ಹಡಗುಗಳು ಸುಮಾರು ಸಾವಿರ ಕೈದಿಗಳನ್ನು ಹೇರಿಕೊಂಡು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೊರಟವು. ಚರಿತ್ರೆ ಇದನ್ನು ಎರಡನೆಯ ನೌಕಾಪಡೆ ಎಂದು ಕರೆಯುತ್ತದೆ. ಗುತ್ತಿಗೆ ಹಿಡಿದವರು ಕ್ಯಾಮ್ಡೆನ್, ಕ್ಯಾಲ್ವರ್ಟ್ ಅಂಡ್ ಕಿಂಗ್ ಎಂಬ ಲಂಡನ್ನಿನ ವರ್ತಕರು. ಗುಲಾಮರ ವ್ಯಾಪಾರದಲ್ಲಿ ಪಳಗಿದ ಕೈಗಳು. ಸರ್ಕಾರ ಒಪ್ಪಿದ ದರ ತಲೆಯೊಂದಕ್ಕೆ 17 ಪೌಂಡು 7 ಷಿಲ್ಲಿಂಗ್ 6 ಪೆನ್ಸ್. ತಲೆಯನ್ನು ಎಣಿಸಿದ್ದು ಮಾತ್ರ ಹಡಗು ಹತ್ತಿಸುವಾಗ, ಇಳಿಸುವಾಗ ಅಲ್ಲ. ಜೂನ್ ತಿಂಗಳಲ್ಲಿ ಹಡಗುಗಳು ಸಿಡ್ನಿಯನ್ನು ಮುಟ್ಟುವ ಹೊತ್ತಿಗೆ ಕೈದಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಉಳಿದವರಲ್ಲಿ ಅನೇಕರನ್ನು ಹೊತ್ತು ಇಳಿಸಬೇಕಾಯಿತು. ಕೈದಿಗಳ ಪಾಲಿನ ಆಹಾರದಲ್ಲಿ ಮಿಕ್ಕಿದ್ದನ್ನು ಹಡಗಿನವರು ಸಿಡ್ನಿಯಲ್ಲಿ ಮಾರಾಟಕ್ಕಿಟ್ಟರು. ಅದೇ ಪಯಣದಲ್ಲಿ ಬಂದ ಸೇನಾಧಿಕಾರಿ ವಿಲಿಯಂ ಹಿಲ್ ಊರಿಗೆ ಬರೆದ ಪತ್ರದಲ್ಲಿ ಈ ಗುತ್ತಿಗೆಯ ಒಳಲೆಕ್ಕವನ್ನು ಬಿಡಿಸಿಟ್ಟಿದ್ದಾನೆ: ಕೈದಿ ಪಯಣದಲ್ಲಿ ಎಷ್ಟು ಬೇಗ ಸತ್ತರೆ ಅವನ ಪಾಲಿನ ಅನ್ನ ಹಡಗಿನ ಯಜಮಾನನಿಗೆ ಅಷ್ಟು ದಿನ ಉಳಿಯುತ್ತದೆ. ಗುಲಾಮರ ಹಡಗಿನಲ್ಲಾದರೋ ಸರಕನ್ನು ಜೀವಂತ ಮುಟ್ಟಿಸಿದರಷ್ಟೆ ಲಾಭ. ಇಲ್ಲಿ ಆ ನಿರ್ಬಂಧವೂ ಇರಲಿಲ್ಲ.

ನೆಪ್ಚೂನ್ ಹಡಗಿನ ಯಜಮಾನ ಡೊನಾಲ್ಡ್ ಟ್ರೇಲ್ ಮತ್ತು ಅವನ ಸಹಾಯಕನ ಮೇಲೆ 1792ರಲ್ಲಿ ಲಂಡನ್ನಿನ ಓಲ್ಡ್ ಬೇಲಿಯಲ್ಲಿ ಕೊಲೆಯ ಮೊಕದ್ದಮೆ ನಡೆಯಿತು. ಇಬ್ಬರೂ ಬಿಡುಗಡೆಯಾದರು. ಗುತ್ತಿಗೆ ಹಿಡಿದ ವರ್ತಕರು ಕಟಕಟೆಯನ್ನೇ ಹತ್ತಲಿಲ್ಲ. ಅಷ್ಟೇಕೆ, ಎರಡನೆಯ ನೌಕಾಪಡೆಯ ಸುದ್ದಿ ಲಂಡನ್ನಿಗೆ ಮುಟ್ಟುವ ಮುನ್ನವೇ ಮೂರನೆಯದರ ಗುತ್ತಿಗೆಯೂ ಅವರಿಗೇ ಸಂದಿತ್ತು. ಪರಿಸ್ಥಿತಿಯನ್ನು ಸುಧಾರಿಸಿದ್ದು ಮೊಕದ್ದಮೆಯಲ್ಲ, ಹಣ ಕೊಡುವ ಕ್ರಮದಲ್ಲಾದ ಬದಲಾವಣೆ. ಮುಂದಿನ ವರ್ಷಗಳಲ್ಲಿ ಹಣದ ಒಂದು ಭಾಗವನ್ನು ಕೈದಿ ಜೀವಂತ ಇಳಿದ ಮೇಲೆ ಕೊಡುವ ಪದ್ಧತಿ ಬಂತು. ಬಹಳ ಕಾಲದ ನಂತರ, 1814ರಲ್ಲಿ ವಿಲಿಯಂ ರೆಡ್‌ಫರ್ನ್ ಎಂಬ ವೈದ್ಯ ಕೊಟ್ಟ ವರದಿಯ ಫಲವಾಗಿ, ಗುತ್ತಿಗೆದಾರನ ಸಂಬಳದಲ್ಲಿಲ್ಲದ ಸರ್ಕಾರಿ ವೈದ್ಯನೊಬ್ಬ ಪ್ರತಿ ಹಡಗಿನಲ್ಲಿಯೂ ಮೇಲ್ವಿಚಾರಕನಾಗಿ ನಿಂತ. ಆ ರೆಡ್‌ಫರ್ನ್ ಸ್ವತಃ ಕೈದಿಯಾಗಿ ಆಸ್ಟ್ರೇಲಿಯಕ್ಕೆ ಬಂದವನು ಎಂಬುದನ್ನು ಮರೆಯಲಾಗದು.

ಈ ಹಳೆಯ ಕತೆಯಿಂದ ನಾವು ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇವೆ. ಗುತ್ತಿಗೆದಾರನಿಗೆ ಹಣ ಸಲ್ಲುವುದು ಯಾವ ಕ್ಷಣವನ್ನು ನೋಡಿ? ಆ ಕ್ಷಣವನ್ನು ದಾಖಲೆ ಮಾಡುವ ಲೇಖನಿ ಯಾರ ಕೈಯಲ್ಲಿದೆ?

ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಇಂಗ್ಲೆಂಡಿನಲ್ಲಿ ಕೈದಿಗಳನ್ನು ನ್ಯಾಯಾಲಯಕ್ಕೆ ಒಯ್ಯುತ್ತಿದ್ದವರು ಪೊಲೀಸರು ಮತ್ತು ಸೆರೆಮನೆಯ ಕಾವಲುಗಾರರು. ಬೆಂಗಾವಲಿಗೆ ಹೋದ ಕಾವಲುಗಾರರು ಸಂಜೆಯವರೆಗೆ ಹಿಂದಿರುಗುತ್ತಿರಲಿಲ್ಲ. ಅಷ್ಟು ಹೊತ್ತೂ ಸೆರೆಮನೆಯಲ್ಲಿ ಜನ ಸಾಲದೆ ಉಳಿದ ಕೈದಿಗಳು ಕೋಣೆಯೊಳಗೇ ಬಂದಿಗಳಾಗಿರಬೇಕಾಗಿತ್ತು. 1990ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಸೆರೆಮನೆಯಲ್ಲಿ ಭುಗಿಲೆದ್ದ ದಂಗೆಯ ಬಳಿಕ ಸೆರೆಮನೆಗಳ ಸ್ಥಿತಿ ಇಡೀ ದೇಶದ ಚರ್ಚೆಯಾಯಿತು. ಖಾಸಗೀಕರಣದತ್ತ ಅದಾಗಲೇ ಒಲಿದಿದ್ದ ಸರ್ಕಾರ 1991ರ ಕ್ರಿಮಿನಲ್ ಜಸ್ಟಿಸ್ ಕಾಯಿದೆಯ ಮೂಲಕ ಬೆಂಗಾವಲಿನ ಕೆಲಸವನ್ನು ಗುತ್ತಿಗೆಗೆ ಕೊಡಲು ದಾರಿ ಮಾಡಿಕೊಟ್ಟಿತು.

ಆ ಕಾಯಿದೆಯನ್ನು ಬರೆದವರು ಮೈಮರೆತಿರಲಿಲ್ಲ ಎಂಬುದನ್ನು ಒಪ್ಪಬೇಕು. ಪ್ರತಿಯೊಂದು ಬೆಂಗಾವಲು ವ್ಯವಸ್ಥೆಗೂ ಒಬ್ಬ ಮೇಲ್ವಿಚಾರಕ ಇರಬೇಕು, ಅವನು ಸರ್ಕಾರಿ ಸೇವಕನಾಗಿರಬೇಕು ಎಂದು ಅದರ 81ನೆಯ ಕಲಮು ವಿಧಿಸಿತು. ಜೊತೆಗೆ ಸಾಮಾನ್ಯ ನಾಗರಿಕರ ವೀಕ್ಷಕ ಮಂಡಲಿಯೊಂದನ್ನೂ ರಚಿಸಿತು. ಕೈದಿಗಳನ್ನು ಒಯ್ಯುವ ಬಂಡಿಗಳನ್ನೂ ನ್ಯಾಯಾಲಯದ ನೆಲಮಾಳಿಗೆಯ ಕೋಣೆಗಳನ್ನೂ ಹೊಕ್ಕು ನೋಡುವುದು ಈ ವೀಕ್ಷಕರ ಅಧಿಕಾರ. ಇಂದಿಗೂ ಅವರು ವರದಿ ಬರೆಯುತ್ತಿದ್ದಾರೆ. ಹಡಗಿನ ವೈದ್ಯ ಮೇಲ್ವಿಚಾರಕನ ದೂರದ ಬಂಧುಗಳು ಇವರೆಂದು ನಮಗೆ ಅನ್ನಿಸುತ್ತದೆ. ಆದರೆ ಅವರು ಮಾಡಬಹುದಾದದ್ದು ಶಿಫಾರಸು ಮಾತ್ರ; ಅವರ ಮಾತಿಗೆ ಗುತ್ತಿಗೆದಾರನ ಬಿಲ್ಲಿನಿಂದ ಒಂದು ಪೆನ್ನಿಯೂ ಕಡಿತವಾಗದು.

1993ರ ಏಪ್ರಿಲ್‌ನಲ್ಲಿ ಈಸ್ಟ್ ಮಿಡ್‌ಲ್ಯಾಂಡ್ಸ್ ಮತ್ತು ಹಂಬರ್‌ಸೈಡ್ ಪ್ರದೇಶದಲ್ಲಿ ಗ್ರೂಪ್ 4 ಕಂಪನಿ ಮೊದಲ ಗುತ್ತಿಗೆಯನ್ನು ವಹಿಸಿಕೊಂಡಿತು. ಮೊದಲ ಕೆಲವೇ ವಾರಗಳಲ್ಲಿ ಕೈದಿಗಳು ಒಬ್ಬರ ಹಿಂದೊಬ್ಬರು ತಪ್ಪಿಸಿಕೊಂಡರು. ಕಂಪನಿಯ ಹೆಸರು ದೇಶವಿಡೀ ನಗೆಚಾಟಿಕೆಯಾಯಿತು. ಈ ನಗೆಯೂ ಚರಿತ್ರೆಯ ದಿಕ್ಕನ್ನು ಸ್ವಲ್ಪ ತಿರುಗಿಸಿತೆಂದೇ ನಮ್ಮ ಅಭಿಪ್ರಾಯ. ಕೈದಿ ತಪ್ಪಿಸಿಕೊಂಡರೆ ಪತ್ರಿಕೆಯ ಮುಖಪುಟದಲ್ಲಿ ಸುದ್ದಿ. ಎರಡು ತಾಸು ತಡವಾಗಿ ಬಂದರೆ ಒಳಪುಟದಲ್ಲಿಯೂ ಜಾಗವಿಲ್ಲ. 2004ರಲ್ಲಿ ಸ್ಕಾಟ್ಲೆಂಡಿನಲ್ಲಿ ರಿಲಯನ್ಸ್ ಎಂಬ ಕಂಪನಿ ಇದೇ ಕೆಲಸ ಹಿಡಿದಾಗಲೂ (ನಮ್ಮ ದೇಶದ ಅದೇ ಹೆಸರಿನ ಸಂಸ್ಥೆಗೂ ಇದಕ್ಕೂ ಸಂಬಂಧವಿಲ್ಲ) ಗದ್ದಲವೆದ್ದದ್ದು ಕೊಲೆಯ ಅಪರಾಧಿಯೊಬ್ಬನನ್ನು ಹ್ಯಾಮಿಲ್ಟನ್ ನ್ಯಾಯಾಲಯದಿಂದ ತಪ್ಪಾಗಿ ಬಿಟ್ಟುಕಳುಹಿಸಿದ್ದಕ್ಕೆ. ತಡದ ವಿಷಯ ಸಾರ್ವಜನಿಕರ ಕಣ್ಣಿನಿಂದ ಜಾರಿ ಒಪ್ಪಂದದ ಅನುಬಂಧಗಳೊಳಗೆ ಸೇರಿಕೊಂಡಿತು.

ಗುತ್ತಿಗೆದಾರರ ಪರವಾಗಿಯೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಪೊಲೀಸರೂ ಕಾವಲುಗಾರರೂ ಈ ಕೆಲಸ ಮಾಡುತ್ತಿದ್ದ ಕಾಲದಲ್ಲಿ ತಡವೇ ಆಗುತ್ತಿರಲಿಲ್ಲ ಎಂದಲ್ಲ. ಆದರೆ ಇಲಾಖೆಯೊಂದು ತನಗೆ ತಾನೇ ದಂಡ ಹಾಕಿಕೊಳ್ಳುವುದಿಲ್ಲ. ದಂಡವಿಲ್ಲದ ತಡವನ್ನು ನಿಮಿಷ ನಿಮಿಷವಾಗಿ ಎಣಿಸುವ ಅಗತ್ಯವೂ ಇರುವುದಿಲ್ಲ. ತಡ ಎಂಬುದು ಅಳೆಯಬಹುದಾದ, ಬೆಲೆ ಕಟ್ಟಬಹುದಾದ ವಸ್ತುವಾದದ್ದು ಗುತ್ತಿಗೆಯ ಕಾಲದಲ್ಲಿ.

ಆದರೆ ತಡವನ್ನು ಅಳೆಯುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಒಬ್ಬ ಕೈದಿಯ ಬೆಳಗನ್ನು ಕಲ್ಪಿಸಿಕೊಳ್ಳೋಣ. ಮರುದಿನ ಯಾವ ನ್ಯಾಯಾಲಯದಲ್ಲಿ ಯಾರ ಪ್ರಕರಣ ಎಂಬ ಪಟ್ಟಿ ಹಿಂದಿನ ಮಧ್ಯಾಹ್ನಕ್ಕೆ ಸಿದ್ಧವಾಗುತ್ತದೆ. ನಸುಕಿನಲ್ಲಿ ಸೆರೆಮನೆಯವರು ಕೋಣೆಯ ಬೀಗ ತೆಗೆಯಬೇಕು, ಶೋಧಿಸಬೇಕು, ಔಷಧಿ ಕೊಡಬೇಕು, ಬೆಂಗಾವಲಿನ ದಾಖಲೆಪತ್ರವನ್ನು ತುಂಬಬೇಕು. ಆಮೇಲೆ ಕಂಪನಿಯವರು ಕೈದಿಯನ್ನು ವಹಿಸಿಕೊಂಡು, ಒಬ್ಬನು ಕುಳಿತರೆ ಮೊಳಕೈ ಆಡಿಸಲೂ ಜಾಗವಿಲ್ಲದ ಲೋಹದ ಗೂಡಿನಲ್ಲಿ ಕೂರಿಸಿ ಬೀಗ ಹಾಕುತ್ತಾರೆ. ಒಂದೇ ಬಂಡಿ ಎರಡು ಮೂರು ನ್ಯಾಯಾಲಯಗಳನ್ನು ಸುತ್ತಬಹುದು. ಸೆರೆಮನೆಯ ಹೆಬ್ಬಾಗಿಲಲ್ಲಿ ಅರ್ಧ ತಾಸು, ಹೆದ್ದಾರಿಯಲ್ಲಿ ಒಂದು ತಾಸು, ನ್ಯಾಯಾಲಯದ ಹಿಂಬಾಗಿಲಲ್ಲಿ ಮುಂದಿನ ಬಂಡಿ ಸರಿಯುವವರೆಗೆ ಇನ್ನಷ್ಟು ಹೊತ್ತು ಕಳೆಯುತ್ತದೆ. ಕೊನೆಗೆ ಕೈದಿ ಕಟಕಟೆಗೆ ಬರುವುದು ಹನ್ನೊಂದೂವರೆಗೆ ಎಂದಿಟ್ಟುಕೊಳ್ಳೋಣ. ಈ ತಡ ಯಾರದು?

ಒಪ್ಪಂದಗಳು ಇದಕ್ಕೆ ಉತ್ತರವಾಗಿ ತಡವನ್ನು ಎರಡು ರಾಶಿ ಮಾಡಿದವು: ಗುತ್ತಿಗೆದಾರನ ತಪ್ಪಿನಿಂದಾದದ್ದು ಒಂದು, ಉಳಿದದ್ದು ಇನ್ನೊಂದು. ದಂಡ ಬೀಳುವುದು ಮೊದಲನೆಯ ರಾಶಿಗೆ ಮಾತ್ರ. ಇದು ನ್ಯಾಯವೇ, ಸೆರೆಮನೆಯವರು ಬೀಗ ತೆಗೆಯದಿದ್ದರೆ ಚಾಲಕನೇನು ಮಾಡಿಯಾನು? ಆದರೆ ಇದರ ಪರಿಣಾಮ ವಿಚಿತ್ರ. ಕೈದಿಗಳು ಬಾರದೆ ಕೆಲಸ ನಿಂತಿತೆಂದು ನ್ಯಾಯಾಧೀಶರೂ ವಕೀಲರೂ ದೂರುತ್ತಲೇ ಇರುವಾಗ, ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೀರಿ ಕೈದಿಗಳನ್ನು ಗುತ್ತಿಗೆದಾರರು ಸಮಯಕ್ಕೆ ಮುಟ್ಟಿಸುತ್ತಿದ್ದಾರೆಂದು ಮಂತ್ರಾಲಯದವರು ಹೇಳಬಲ್ಲರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಕಟಕಟೆಯನ್ನು ನೋಡುತ್ತಿದ್ದಾರೆ, ಮತ್ತೊಬ್ಬರು ಅನುಬಂಧವನ್ನು.

ಲೇಖನಿ ಯಾರ ಕೈಯಲ್ಲಿದೆ ಎಂಬ ಎರಡನೆಯ ಪ್ರಶ್ನೆ ತೀರ ಬಹಿರಂಗವಾಗಿ ಎದುರಾದದ್ದು 2013ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಂಗಾವಲಿನ ಕೆಲಸವನ್ನು ಸರ್ಕೋ ಮತ್ತು ಜಿಯೋಅಮೆ ಎಂಬ ಎರಡೇ ಕಂಪನಿಗಳಿಗೆ ಹಂಚಲಾಗಿತ್ತು. ಲಂಡನ್ ಮತ್ತು ಪೂರ್ವ ಇಂಗ್ಲೆಂಡ್ ಸರ್ಕೋ ಪಾಲಿಗೆ ಬಂದಿದ್ದವು. ಕೈದಿಯನ್ನು ನ್ಯಾಯಾಲಯಕ್ಕೆ ಸಿದ್ಧವಾಗಿ ಒಪ್ಪಿಸಲಾಗಿದೆ ಎಂಬ ನಮೂದು ಆ ಒಪ್ಪಂದದ ಮುಖ್ಯ ಅಳತೆಗೋಲುಗಳಲ್ಲಿ ಒಂದು. ನಮೂದಿಸುತ್ತಿದ್ದವರು ಕಂಪನಿಯ ನೌಕರರೇ. ಸಿದ್ಧರಿಲ್ಲದ ಕೈದಿಗಳನ್ನೂ ಸಿದ್ಧರೆಂದು ಬರೆಯಲಾಗಿದೆ ಎಂಬ ಅನುಮಾನಕ್ಕೆ ಆಧಾರ ದೊರೆತಾಗ, ಆಗಸ್ಟ್ ತಿಂಗಳಲ್ಲಿ ನ್ಯಾಯ ಮಂತ್ರಿ ಕ್ರಿಸ್ ಗ್ರೇಲಿಂಗ್ ಪ್ರಕರಣವನ್ನು ಲಂಡನ್ ನಗರ ಪೊಲೀಸರಿಗೆ ಒಪ್ಪಿಸಿದರು. ಆ ಒಪ್ಪಂದದಿಂದ ಬಂದಿದ್ದ 20 ಲಕ್ಷ ಪೌಂಡು ಲಾಭವನ್ನು ಹಿಂದಿರುಗಿಸಲು, ಮುಂದಿನ ಲಾಭವನ್ನೂ ಬಿಟ್ಟುಕೊಡಲು ಕಂಪನಿ ಒಪ್ಪಿತು. ಅದೇ ವರ್ಷ ಅಪರಾಧಿಗಳ ಕಾಲಿಗೆ ಕಟ್ಟುವ ವಿದ್ಯುನ್ಮಾನ ಪಟ್ಟಿಯ ಗುತ್ತಿಗೆಯಲ್ಲಿ ಸರ್ಕಾರಕ್ಕೆ ಹೆಚ್ಚು ಬಿಲ್ಲು ಮಾಡಿದ ಹಗರಣವೂ ಹೊರಬಿದ್ದಿತ್ತು. ಅಕ್ಟೋಬರಿನಲ್ಲಿ ಸರ್ಕೋದ ಮುಖ್ಯಸ್ಥರು ಹುದ್ದೆ ಬಿಟ್ಟರು. ಬೆಂಗಾವಲಿನ ತನಿಖೆ ಮಾತ್ರ 2014ರ ಕೊನೆಯಲ್ಲಿ ಯಾರ ಮೇಲೂ ಆರೋಪ ಹೊರಿಸದೆ ಮುಗಿಯಿತು. ಆದ್ದರಿಂದ ಅಪರಾಧ ನಡೆಯಿತೆಂದು ಹೇಳುವ ಹಕ್ಕು ನಮಗಿಲ್ಲ. ಸೇವೆಯನ್ನು ಮಾರುವವನೇ ಸೇವೆ ಸಂದಿತೆಂಬ ರಸೀದಿಯನ್ನೂ ಬರೆಯುವ ವ್ಯವಸ್ಥೆಯಿತ್ತು ಎಂದಷ್ಟೇ ಹೇಳಬಲ್ಲೆವು. 1790ರ ಗುತ್ತಿಗೆಯಲ್ಲಿ ಎಣಿಸುವ ಕ್ಷಣವೇ ತಪ್ಪಾಗಿತ್ತು; ಇಲ್ಲಿ ಕ್ಷಣ ಸರಿಯಾಗಿಯೇ ಇತ್ತು, ಎಣಿಸುವ ಕೈ ಬೇರೆಯಾಗಬೇಕಿತ್ತು.

ಹಾಗಿದ್ದರೆ ನ್ಯಾಯಾಲಯವೇ ಏಕೆ ಈ ಲೇಖನಿಯನ್ನು ಹಿಡಿಯಬಾರದು? ತಡವಾದ ಹೊತ್ತು ನ್ಯಾಯಪೀಠದ ಕಣ್ಣೆದುರಿಗೇ ಕಳೆಯುತ್ತದೆ. ಇಂಗ್ಲೆಂಡಿನ ಕಾನೂನಿನಲ್ಲಿ ಅದಕ್ಕೊಂದು ಅವಕಾಶವೂ ಇದೆ. ಪ್ರಕರಣದ ಪಕ್ಷಗಾರರಲ್ಲದ ಮೂರನೆಯವರಿಂದ ವ್ಯರ್ಥ ವೆಚ್ಚವನ್ನು ವಸೂಲು ಮಾಡಬಹುದೆಂದು 1985ರ ಪ್ರಾಸಿಕ್ಯೂಷನ್ ಆಫ್ ಅಫೆನ್ಸಸ್ ಕಾಯಿದೆಗೆ ಮುಂದೆ ಸೇರಿಸಿದ 19ಬಿ ಕಲಮು ಹೇಳುತ್ತದೆ. ಷರತ್ತೊಂದೇ: ಆ ಮೂರನೆಯವರದು ಗಂಭೀರ ದುರ್ವರ್ತನೆಯಾಗಿರಬೇಕು. ಈ ಪದದ ತೂಕವೆಷ್ಟು ಎಂಬುದು ಇತ್ಯರ್ಥವಾದ ಮುಖ್ಯ ಪ್ರಕರಣಗಳಲ್ಲೊಂದು ಕೈದಿಯ ಬಂಡಿಯದಲ್ಲ, ದುಭಾಷಿಯದು. ಷೆಫೀಲ್ಡಿನ ಕ್ರೌನ್ ನ್ಯಾಯಾಲಯಕ್ಕೆ ದುಭಾಷಿಯನ್ನು ಕಳುಹಿಸಬೇಕಿದ್ದ ಅಪ್ಲೈಡ್ ಲ್ಯಾಂಗ್ವೇಜ್ ಸೊಲ್ಯೂಷನ್ಸ್ ಎಂಬ ಗುತ್ತಿಗೆ ಕಂಪನಿ ಕಳುಹಿಸಲಿಲ್ಲ. ನ್ಯಾಯಾಧೀಶರು ವೆಚ್ಚ ತೆರುವಂತೆ ಆಜ್ಞೆ ಮಾಡಿದರು. ಮೊತ್ತ 23 ಪೌಂಡು 25 ಪೆನ್ಸ್! ಅದಕ್ಕಾಗಿ ಕಂಪನಿ ಮೇಲ್ಮನವಿ ಹೋಯಿತು, 2013ರಲ್ಲಿ ಗೆದ್ದೂ ಬಂತು. ಒಮ್ಮೆ ದುಭಾಷಿ ಬಾರದಿದ್ದದ್ದು ತನ್ನಷ್ಟಕ್ಕೆ ಗಂಭೀರ ದುರ್ವರ್ತನೆಯಾಗದು ಎಂಬುದು ಮೇಲ್ಮನವಿ ನ್ಯಾಯಾಲಯದ ನಿಲುವು. ಮತ್ತೆ ಮತ್ತೆ ಹಾಗಾದರೆ ಆಗಬಹುದು ಎಂಬ ಬಾಗಿಲನ್ನು ಅದು ಪೂರ್ತಿ ಮುಚ್ಚಲಿಲ್ಲ.

ಬಂಡಿ ಕಂಪನಿಗಳಿಗೂ ಈ ತರ್ಕ ಅನ್ವಯಿಸುವುದರಲ್ಲಿ ಸಂದೇಹವಿಲ್ಲ. ನ್ಯಾಯಾಧೀಶರ ಮುಂದಿರುವುದು ಯಾವಾಗಲೂ ಒಂದೇ ಪ್ರಕರಣ, ಒಂದೇ ಬೆಳಗು, ಒಂದೇ ತಡ. ಅದೇ ತಡ ನೂರು ನ್ಯಾಯಾಲಯಗಳಲ್ಲಿ ನೂರು ಬೆಳಗು ಆಗಿದೆ ಎಂಬ ಲೆಕ್ಕವಿರುವುದು ಮಂತ್ರಾಲಯದ ಕಡತದಲ್ಲಿ. ಒಪ್ಪಂದಕ್ಕೆ ಸಹಿ ಹಾಕಿದವರು ಮಂತ್ರಾಲಯ ಮತ್ತು ಕಂಪನಿ, ಇಬ್ಬರೇ. ತಡದಿಂದ ದಿನ ಕಳೆದುಕೊಂಡ ಸಾಕ್ಷಿ, ವಕೀಲರೊಡನೆ ಮಾತಾಡಲು ಸಿಗಬೇಕಿದ್ದ ಅರ್ಧ ಗಂಟೆಯನ್ನು ಕಳೆದುಕೊಂಡ ಕೈದಿ, ಸುಮ್ಮನೆ ಕುಳಿತ ಜ್ಯೂರಿ, ಇವರಾರೂ ಆ ಕಾಗದದಲ್ಲಿಲ್ಲ. ದಂಡ ವಸೂಲಾದರೆ ಅದು ಸೇರುವುದೂ ಖಜಾನೆಗೆ. ನಮ್ಮ ದೃಷ್ಟಿಯಲ್ಲಿ ಈ ಇಡೀ ಏರ್ಪಾಡಿನ ದೊಡ್ಡ ಕೊರತೆ ಇದೇ. ದಂಡದ ಮೊತ್ತ ಹೆಚ್ಚೋ ಕಡಿಮೆಯೋ ಎಂಬ ವಾದ ಇದರ ಮುಂದೆ ಚಿಕ್ಕದು.

ಹಾಗೆಂದು ದಂಡ ಎಷ್ಟಾದರೂ ಸರಿ ಎನ್ನುವಂತಿಲ್ಲ ಎಂಬುದನ್ನು ಸ್ಕಾಟ್ಲೆಂಡ್ ತೋರಿಸಿಕೊಟ್ಟಿತು. ಅಲ್ಲಿ 2019ರ ಜನವರಿಯಲ್ಲಿ 23.8 ಕೋಟಿ ಪೌಂಡಿನ, ಎಂಟು ವರ್ಷದ ಗುತ್ತಿಗೆ ಜಿಯೋಅಮೆಗೆ ಸಂದಿತು. ಕೋವಿಡ್ ಕಾಲ ಕಳೆಯುತ್ತಿದ್ದಂತೆ ನೌಕರರು ಕೆಲಸ ಬಿಟ್ಟರು. ಕೈದಿಗಳು ನ್ಯಾಯಾಲಯಕ್ಕೂ ಆಸ್ಪತ್ರೆಗೂ ಸಮಯಕ್ಕೆ ಮುಟ್ಟದಾದರು. ಸ್ಕಾಟ್ಲೆಂಡಿನ ಕಾನೂನಿನ ಪ್ರಕಾರ ಬಂಧನದಲ್ಲಿರುವವನನ್ನು ನ್ಯಾಯಾಲಯ ತೆರೆದಿರುವ ಮರುದಿನವೇ ಹಾಜರುಪಡಿಸಬೇಕು. ಇಲ್ಲಿ ತಡವೆಂದರೆ ಅನಾನುಕೂಲ ಮಾತ್ರವಲ್ಲ, ಸ್ವಾತಂತ್ರ್ಯದ ಪ್ರಶ್ನೆ. ಸೆರೆಮನೆ ಇಲಾಖೆ ದಂಡ ಹಾಕುತ್ತಲೇ ಹೋಯಿತು. ಒಟ್ಟು ದಂಡ 40 ಲಕ್ಷ ಪೌಂಡನ್ನು ಮೀರಿದ ಮೇಲೂ ಸೇವೆ ಕುಂಟುತ್ತಿದೆಯೆಂದು 2023ರಲ್ಲಿ ಅಲ್ಲಿನ ಮಹಾಲೆಕ್ಕಪರಿಶೋಧಕರು ಎಚ್ಚರಿಸಿದರು. ದಂಡದಿಂದ ಕಂಪನಿಯ ಕೈ ಬರಿದಾಗುತ್ತದೆ. ಬರಿಗೈಯವನು ಹೆಚ್ಚು ಸಂಬಳ ಕೊಟ್ಟು ಜನರನ್ನು ಹಿಡಿದಿಟ್ಟುಕೊಳ್ಳಲಾರ. ಒಪ್ಪಂದ ರದ್ದು ಮಾಡೋಣವೆಂದರೆ ಮರುದಿನ ಬೆಳಿಗ್ಗೆ ಬಂಡಿ ಓಡಿಸುವವರು ಯಾರು? ಕಾವಲುಗಾರರಿಗೆ ಆ ಕೆಲಸ ಮರೆತುಹೋಗಿ ವರ್ಷಗಳಾಗಿವೆ, ಬೇರೆ ಕಂಪನಿಗಳು ಬೆರಳೆಣಿಕೆಯಷ್ಟೂ ಇಲ್ಲ. ಕೊನೆಗೆ ಎರಡೂ ಕಡೆಯವರು ಕುಳಿತು ಒಪ್ಪಂದವನ್ನು ತಿದ್ದಬೇಕಾಯಿತು. ಹೊಣೆಗಾರನನ್ನು ಬಿಟ್ಟರೆ ಗತಿಯಿಲ್ಲವೆಂದ ಮೇಲೆ ಅವನನ್ನು ಹೊಣೆ ಮಾಡುವುದಾದರೂ ಎಷ್ಟರಮಟ್ಟಿಗೆ?

ಇನ್ನು ನಮ್ಮ ಕಡೆಗೆ ಒಂದು ನೋಟ. ಭಾರತದಲ್ಲಿ ಈ ಕೆಲಸ ಗುತ್ತಿಗೆಗೆ ಹೋಗಿಲ್ಲ, ಪೊಲೀಸರದೇ. ಕರ್ನಾಟಕದ ಜಿಲ್ಲೆಗಳಲ್ಲಿ ಡಿ.ಎ.ಆರ್. ಎಂದು ಕರೆಯುವ ಸಶಸ್ತ್ರ ಮೀಸಲು ಪಡೆಯವರು ಬೆಂಗಾವಲು ಹೋಗುತ್ತಾರೆ; ಮುಂಬಯಿ, ಹೈದರಾಬಾದುಗಳಲ್ಲಿಯೂ ಆಯಾ ಪೊಲೀಸ್ ಪಡೆಯ ಇಂಥದೇ ತುಕಡಿಗಳು. ಚುನಾವಣೆ, ಗಣೇಶೋತ್ಸವ, ಮಂತ್ರಿಗಳ ಪ್ರವಾಸ, ಯಾವುದೇ ಬಂದೋಬಸ್ತು ಬಂದರೆ ಮೊದಲು ಕೊರತೆಯಾಗುವುದು ಬೆಂಗಾವಲಿಗೆ. ಅಂದು ನ್ಯಾಯಾಲಯದ ಆರ್ಡರ್ ಶೀಟಿನಲ್ಲಿ, ಮುಂಬಯಿಯಲ್ಲಾದರೆ ರೋಜನಾಮೆಯಲ್ಲಿ, ಆರೋಪಿಯನ್ನು ಹಾಜರುಪಡಿಸಿಲ್ಲ ಎಂಬ ಒಂದು ಸಾಲು ಬೀಳುತ್ತದೆ. ಇನ್ನೊಂದು ತಾರೀಖು ಬೀಳುತ್ತದೆ. ಆ ಸಾಲುಗಳನ್ನು ಕೂಡಿಸಿ ಯಾರ ಬಿಲ್ಲಿನಿಂದಲೂ ಕಳೆಯುವಂತಿಲ್ಲ, ಬಿಲ್ಲೇ ಇಲ್ಲವಲ್ಲ. ದೇಶದ ಸೆರೆಮನೆಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಮಂದಿ ಇನ್ನೂ ತೀರ್ಪು ಕಾಣದ ವಿಚಾರಣಾಧೀನರು ಎಂಬುದನ್ನು ನೆನೆದರೆ ಆ ಒಂದು ಸಾಲಿನ ಭಾರ ತಿಳಿದೀತು. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತ್ವರಿತ ವಿಚಾರಣೆಯನ್ನು ಸಂವಿಧಾನದ 21ನೆಯ ವಿಧಿಯ ಹಕ್ಕೆಂದು ಸಾರಿತು. ಬಿಹಾರದ ಸೆರೆಮನೆಗಳಲ್ಲಿ ತಮ್ಮ ಮೇಲಿನ ಆರೋಪಕ್ಕೆ ಗರಿಷ್ಠ ಶಿಕ್ಷೆಯೆಷ್ಟೋ ಅದಕ್ಕಿಂತ ಹೆಚ್ಚು ಕಾಲ ಕೊಳೆತವರು ಅಂದು ಬೆಳಕಿಗೆ ಬಂದಿದ್ದರು.

ಎರಡೂ ದೇಶಗಳು ಕೊನೆಗೆ ಹಿಡಿದ ದಾರಿ ಒಂದೇ: ಬಂಡಿಯನ್ನೇ ತಪ್ಪಿಸುವುದು. ಇಂಗ್ಲೆಂಡಿನಲ್ಲಿ 1998ರ ಕಾಯಿದೆಯೊಂದು ಆರಂಭಿಕ ವಿಚಾರಣೆಗಳಿಗೆ ಸೆರೆಮನೆಯಿಂದಲೇ ದೃಶ್ಯಸಂಪರ್ಕಕ್ಕೆ ಅವಕಾಶ ಕೊಟ್ಟಿತು. ನಮ್ಮಲ್ಲಿ 2008ರ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಯ 167ನೆಯ ಕಲಮಿನಲ್ಲಿ, ಮೊದಲ ಬಾರಿ ಖುದ್ದು ಹಾಜರುಪಡಿಸಿದ ಆರೋಪಿಯ ನ್ಯಾಯಾಂಗ ಬಂಧನವನ್ನು ಮುಂದೆ ಪರದೆಯ ಮೇಲೆ ನೋಡಿಯೇ ವಿಸ್ತರಿಸಬಹುದೆಂದಿತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಮುಂದುವರಿಸಿದೆ. ತಡ ಕಡಿಮೆಯಾಯಿತು, ನಿಜ. ಆದರೆ ತಾರೀಖಿನ ದಿನ ಊಟದ ಡಬ್ಬಿ ಹಿಡಿದು ನ್ಯಾಯಾಲಯದ ಜಗಲಿಯಲ್ಲಿ ಬೆಳಗಿನಿಂದ ಕಾಯುವ ತಾಯಂದಿರನ್ನೂ ಹೆಂಡಂದಿರನ್ನೂ ನಮ್ಮ ಯಾವ ಊರಿನಲ್ಲಾದರೂ ನೋಡಬಹುದು. ಪೊಲೀಸ್ ವ್ಯಾನಿನಿಂದ ಇಳಿಯುವ ಮತ್ತು ಹತ್ತುವ ನಡುವಿನ ಆ ಕೆಲವು ನಿಮಿಷಗಳು ಅವರದಾಗಿದ್ದವು. ವ್ಯಾನು ಬರುವುದಿಲ್ಲ, ಇಂದು ವೀಡಿಯೋದಲ್ಲಿ ಆಯಿತು ಎಂದು ಪೇದೆ ಬಂದು ಹೇಳಿದ ಮೇಲೆ ಅವರು ಡಬ್ಬಿಯನ್ನು ಮುಚ್ಚಿದಂತೆಯೇ ಎತ್ತಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆಯುತ್ತಾರೆ.